ಇಂಗ್ಲಿಷಿನ ದೊಡ್ಡಕ್ಷರ: ದೇವರಿಗೆ ಯಾವಾಗ, ದೇವಸ್ಥಾನಕ್ಕೆ ಯಾವಾಗ?

ಪ್ರಶ್ನೆ: ನಮ್ಮ ದೇವಸ್ಥಾನದ ಬ್ರಹ್ಮಕಲಶೋತ್ಸವಕ್ಕೆ ಕನ್ನಡ, ಮಲಯಾಳ, ಇಂಗ್ಲಿಷ್ ಮೂರೂ ಭಾಷೆಗಳಲ್ಲಿ ಸ್ಮರಣ ಸಂಚಿಕೆ ತರುತ್ತಿದ್ದೇವೆ. ಇಂಗ್ಲಿಷ್ ಪುಟಗಳ ಪ್ರೂಫ್ ನೋಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಒಬ್ಬ ಲೇಖಕರು 'ಗಾಡ್', 'ಟೆಂಪಲ್', 'ಪೂಜಾ', 'ಡಿವೋಟೀಸ್' ಎಲ್ಲಕ್ಕೂ ದೊಡ್ಡಕ್ಷರ ಹಾಕಿದ್ದಾರೆ. ಇನ್ನೊಬ್ಬರು ಯಾವುದಕ್ಕೂ ಹಾಕಿಲ್ಲ. ಊರಿನ ಮಸೀದಿ ಮತ್ತು ಇಗರ್ಜಿಯವರ ಶುಭಾಶಯಗಳೂ ಇವೆ. ದೇವರಿಗೆ ಸಂಬಂಧಪಟ್ಟ ಪದವನ್ನು ಸಣ್ಣಕ್ಷರಕ್ಕೆ ಇಳಿಸಿದರೆ ಅಗೌರವ ಆಗುತ್ತದೆಯೇ ಸರ್? ಖಚಿತವಾದ ನಿಯಮ ಏನಾದರೂ ಇದೆಯೇ?
(ಬದಿಯಡ್ಕ ಕಡೆಯ ಓದುಗರು)

ಉತ್ತರ:

ಅಗೌರವ ಆಗುವುದಿಲ್ಲ. ನಮ್ಮ ಕಡೆಯ ಇಂಗ್ಲಿಷ್ ಆಮಂತ್ರಣಗಳಲ್ಲಿ ಕಾಣುವ ಹೆಚ್ಚಿನ ಗೊಂದಲಕ್ಕೆ ಈ ಅಂಜಿಕೆಯೇ ಮೂಲ, ಆದ್ದರಿಂದ ಮೊದಲು ಅದನ್ನೇ ಬಿಡಿಸುತ್ತೇನೆ. ಕನ್ನಡದಲ್ಲಿ ಗೌರವ ಕ್ರಿಯಾಪದದಲ್ಲೇ ಕೂತಿರುತ್ತದೆ. ತಂತ್ರಿಗಳು ಆಗಮಿಸುತ್ತಾರೆ, ಸ್ವಾಮೀಜಿಯವರು ಆಶೀರ್ವಚನ ನೀಡುತ್ತಾರೆ, ದೇವರು ಬಲಿ ಹೊರಡುತ್ತಾರೆ. ಇಂಗ್ಲಿಷಿನ ಕ್ರಿಯಾಪದಕ್ಕೆ ಆ ಅನುಕೂಲ ಇಲ್ಲ. ಹಾಗಾಗಿ ನಮ್ಮವರು ಬರೆಯುವಾಗ ಆ ಕೊರತೆಯನ್ನು ಅಕ್ಷರದ ಗಾತ್ರದಿಂದ ತುಂಬಲು ನೋಡುತ್ತಾರೆ. ಆದರೆ ಇಂಗ್ಲಿಷಿನಲ್ಲಿ ದೊಡ್ಡಕ್ಷರ ಹೇಳುವುದು 'ಇದು ಹೆಸರು' ಎಂದಷ್ಟೇ. ಸೈತಾನನ ಹೆಸರಾದ 'ಸೇಟನ್'ಗೂ ದೊಡ್ಡ ಎಸ್, ರಾವಣನಿಗೂ ದೊಡ್ಡ ಆರ್. 'ಮೈ ಮದರ್' ಎಂದು ಬರೆದಾಗ ಹೆತ್ತ ತಾಯಿಗೆ ಸಣ್ಣ ಎಂ. ಗೌರವವೇ ಅಳತೆಗೋಲಾಗಿದ್ದರೆ ಇದು ತಲೆಕೆಳಗಾಗಬೇಕಿತ್ತು.

ಕನ್ನಡ, ಮಲಯಾಳ, ದೇವನಾಗರಿ, ಅರಬಿ, ಹೀಬ್ರೂ ಯಾವ ಲಿಪಿಯಲ್ಲೂ ದೊಡ್ಡದು ಸಣ್ಣದು ಎಂಬ ಎರಡು ರೂಪಗಳಿಲ್ಲ. ವೇದವಾಗಲಿ, ಕುರ್‌ಆನ್ ಆಗಲಿ, ಹೀಬ್ರೂ ಬೈಬಲ್ ಆಗಲಿ ಮೂಲದಲ್ಲಿ ಈ ಭೇದವಿಲ್ಲದೆಯೇ ಪವಿತ್ರವಾಗಿವೆ. ದೊಡ್ಡಕ್ಷರ ಇಂಗ್ಲಿಷ್ ಮುದ್ರಣದ ರೂಢಿ, ಯಾವ ಧರ್ಮದ ಕಟ್ಟಳೆಯೂ ಅಲ್ಲ. ಆ ರೂಢಿಯೂ ಕಾಲಕಾಲಕ್ಕೆ ಬದಲಾಗಿದೆ. 1787ರ ಅಮೆರಿಕದ ಸಂವಿಧಾನದ ಪೀಠಿಕೆಯಲ್ಲಿ 'ಪೀಪಲ್', 'ಆರ್ಡರ್', 'ಜಸ್ಟಿಸ್', 'ಟ್ರಾಂಕ್ವಿಲಿಟಿ' ಎಲ್ಲಕ್ಕೂ ದೊಡ್ಡಕ್ಷರ ಇದೆ, ಏಕೆಂದರೆ ಆ ಶತಮಾನದಲ್ಲಿ ಮುಖ್ಯ ನಾಮಪದಗಳನ್ನು ಹಾಗೆಯೇ ಬರೆಯುತ್ತಿದ್ದರು. ಜರ್ಮನ್ ಭಾಷೆಯಲ್ಲಿ ಇಂದಿಗೂ ಎಲ್ಲ ನಾಮಪದಗಳಿಗೂ ದೊಡ್ಡಕ್ಷರ. ಡೇನಿಷ್ ಅದನ್ನು 1948ರಲ್ಲಿ ಬಿಟ್ಟಿತು. ಇಂದಿನ ಇಂಗ್ಲಿಷ್ ಸಣ್ಣಕ್ಷರದ ಕಡೆಗೇ ವಾಲಿದೆ. ಸಂಶಯ ತೀರದಿದ್ದರೆ ಸಣ್ಣಕ್ಷರ ಹಾಕುವುದೇ ಸುರಕ್ಷಿತ.

ಪ್ರತಿ ಪದದ ಮುಂದೆಯೂ ಒಂದೇ ಪ್ರಶ್ನೆ ಕೇಳಿ: ಇದು ಇಲ್ಲಿ ಒಬ್ಬರನ್ನೇ, ಒಂದನ್ನೇ ಕರೆಯುವ ಹೆಸರೋ, ಅಥವಾ ಅದೇ ಬಗೆಯ ಯಾವುದಕ್ಕೂ ಸಲ್ಲುವ ಪದವೋ? ಕಿವಿಗೆ ಗೊತ್ತಾಗದಿದ್ದರೆ ಪದದ ಹಿಂದೆ 'ಎ', 'ಎವೆರಿ' ಅಥವಾ 'ಅವರ್' ಸೇರಿಸಿ ಓದಿ, ಬಹುವಚನ ಮಾಡಿ ನೋಡಿ. ಸರಾಗವಾಗಿ ಹೊಂದಿಕೊಂಡರೆ ಅದು ಬರಿಯ ನಾಮಪದ, ಸಣ್ಣಕ್ಷರ ಸಾಕು. ಕುಂಬಳೆ ಸಮೀಪದ ಅನಂತಪುರ ದೇವಸ್ಥಾನದ ಕೆರೆಯಲ್ಲಿ 2022ರವರೆಗೆ ಇದ್ದ ಮೊಸಳೆಯ ಬಗ್ಗೆ ಇಂಗ್ಲಿಷಿನಲ್ಲಿ ಬರೆದರೆ 'ಕ್ರೊಕೊಡೈಲ್'ಗೆ ಸಣ್ಣ ಸಿ, ಅದರ ಹೆಸರಾದ 'ಬಬಿಯಾ'ಗೆ ದೊಡ್ಡ ಬಿ. ಭಕ್ತರು ಅದನ್ನು ದೈವಾಂಶವೆಂದು ಕಂಡರೂ 'ಕ್ರೊಕೊಡೈಲ್' ದೊಡ್ಡದಾಗುವುದಿಲ್ಲ.

ಈಗ 'ಗಾಡ್' ಪದಕ್ಕೆ ಬರೋಣ. 'ಬೈ ದಿ ಗ್ರೇಸ್ ಆಫ್ ಗಾಡ್', 'ಥ್ಯಾಂಕ್ ಗಾಡ್' ಎಂಬಲ್ಲಿ ದೊಡ್ಡ ಜಿ. ಇಲ್ಲಿ ಆ ಪದದ ಹಿಂದೆ 'ಎ' ಇಲ್ಲ, 'ದಿ' ಇಲ್ಲ. ವ್ಯಕ್ತಿಯ ಹೆಸರಿನ ಹಾಗೆ ಒಂಟಿಯಾಗಿ ನಿಂತಿದೆ. ನಮ್ಮ ಸಂವಿಧಾನದ ಮೂರನೆಯ ಅನುಸೂಚಿಯ ಪ್ರಮಾಣವಚನದಲ್ಲೂ 'ಇನ್ ದಿ ನೇಮ್ ಆಫ್ ಗಾಡ್' ಎಂಬಲ್ಲಿ ದೊಡ್ಡ ಜಿ ಇದೆ. ಪ್ರಮಾಣ ಮಾಡುವವರು ಯಾವ ಧರ್ಮದವರಾದರೂ ಆ ಅಕ್ಷರ ಬದಲಾಗುವುದಿಲ್ಲ. ಅದೇ ಪದ ಒಂದು ವರ್ಗವನ್ನು ಹೇಳಿದಾಗ ಸಣ್ಣ ಜಿ: 'ದಿ ಗಾಡ್ ಆಫ್ ರೇನ್', 'ವಿಲೇಜ್ ಗಾಡ್ಸ್', 'ಗಾಡ್ಸ್ ಅಂಡ್ ಗಾಡೆಸಸ್'.

ಇಲ್ಲಿ ಒಂದು ಸೂಕ್ಷ್ಮ ಇದೆ. ಏಕದೇವೋಪಾಸನೆಯ ಧರ್ಮಗಳ ದೇವರಿಗೆ ದೊಡ್ಡ ಜಿ, ಬಹುದೇವತೆಗಳಿರುವ ಧರ್ಮಗಳ ದೇವತೆಗಳಿಗೆ ಸಣ್ಣ ಜಿ ಎಂದು ಅಮೆರಿಕದ ಎಪಿ ಸುದ್ದಿಸಂಸ್ಥೆಯ ಶೈಲಿ ಕೈಪಿಡಿ ಹೇಳುತ್ತದೆ. ಪತ್ರಕರ್ತರಿಗೆ ಅದು ಸಾಕು. ಆದರೆ ಅದನ್ನು ಓದಿ 'ಹಿಂದೂ ದೇವರೆಂದರೆ ಸದಾ ಸಣ್ಣ ಜಿ' ಎಂದು ತೀರ್ಮಾನಿಸುವುದು ತಪ್ಪು. 'ದೇವರ ದಯೆಯಿಂದ ಜೀರ್ಣೋದ್ಧಾರ ಮುಗಿಯಿತು' ಎಂದು ನಿಮ್ಮ ಸಮಿತಿಯವರು ಹೇಳುವಾಗ ಅವರ ಮನಸ್ಸಿನಲ್ಲಿ ಇರುವುದು ಹಲವರಲ್ಲಿ ಒಬ್ಬ ದೇವತೆಯಲ್ಲ. ಆ ಮಾತಿನಲ್ಲಿ 'ದೇವರು' ಹೆಸರಾಗಿಯೇ ಬಂದಿದೆ, ದೊಡ್ಡ ಜಿ ನ್ಯಾಯವಾಗಿ ಸಲ್ಲುತ್ತದೆ. ಅದೇ ಲೇಖನದ ಇನ್ನೊಂದು ವಾಕ್ಯದಲ್ಲಿ 'ವಿಷ್ಣು ಈಸ್ ದಿ ಗಾಡ್ ಹೂ ಪ್ರಿಸರ್ವ್ಸ್' ಎಂದು ಬಂದರೆ ಸಣ್ಣ ಜಿ. ಎರಡೂ ಒಂದೇ ಪುಟದಲ್ಲಿ ಇದ್ದರೂ ಅಸಂಗತವಲ್ಲ.

'ಗಾಡ್‌ಫಾದರ್', 'ಗಾಡ್‌ಸೆಂಡ್', 'ಗಾಡ್‌ಲೈಕ್' ಇಂಥ ಕೂಡುಪದಗಳಿಗೆ ಸಣ್ಣ ಜಿ. 'ಗಾಡ್-ಗಿವನ್', 'ಗಾಡ್-ಫಿಯರಿಂಗ್' ಎಂದು ನಡುವೆ ಅಡ್ಡಗೆರೆ ಬಂದಲ್ಲಿ ದೊಡ್ಡದು. ಕೇರಳ ಪ್ರವಾಸೋದ್ಯಮದ 'ಗಾಡ್ಸ್ ಓನ್ ಕಂಟ್ರಿ'ಯಲ್ಲಿ ಮೂರೂ ಪದಗಳಿಗೆ ದೊಡ್ಡಕ್ಷರ, ಏಕೆಂದರೆ ಅದು ಘೋಷವಾಕ್ಯವಾಗಿ ಹೆಸರಿನ ಸ್ಥಾನ ಪಡೆದಿದೆ.

'ಲಾರ್ಡ್ ಗಣೇಶ', 'ಗಾಡೆಸ್ ದುರ್ಗಾಪರಮೇಶ್ವರಿ' ಎಂದು ಹೆಸರಿಗೆ ಅಂಟಿಕೊಂಡು ಬಂದಾಗ 'ಲಾರ್ಡ್', 'ಗಾಡೆಸ್' ಎರಡೂ ಬಿರುದುಗಳು, ದೊಡ್ಡಕ್ಷರ. ಹಿಂದೆ 'ದಿ' ಬಂತೆಂದರೆ ಸ್ಥಾನ ಬದಲಾಗುತ್ತದೆ: 'ದಿ ಗಾಡೆಸ್ ದುರ್ಗಾ' ಎಂಬಲ್ಲಿ ಅದು ದುರ್ಗೆ ಯಾರೆಂದು ತಿಳಿಸುವ ವಿವರಣೆ, ಆದ್ದರಿಂದ ಸಣ್ಣ ಜಿ. ದೇವರನ್ನೇ ಕುರಿತ 'ದಿ ಲಾರ್ಡ್' ಮಾತ್ರ ಒಂಟಿಯಾಗಿ ನಿಂತರೂ ದೊಡ್ಡ ಎಲ್. 'ಡೀಟಿ' ಎಂಬ ಪದಕ್ಕೆ ನಮ್ಮಲ್ಲಿ ವಿನಾಕಾರಣ ದೊಡ್ಡ ಡಿ ಬೀಳುತ್ತದೆ. 'ದಿ ಪ್ರಿಸೈಡಿಂಗ್ ಡೀಟಿ ಈಸ್ ಲಾರ್ಡ್ ಸುಬ್ರಹ್ಮಣ್ಯ' ಎಂದು ಬರೆಯುವಾಗ 'ಪ್ರಿಸೈಡಿಂಗ್', 'ಡೀಟಿ' ಎರಡೂ ಸಣ್ಣವು. 'ಐಡಲ್', 'ಶ್ರೈನ್', 'ಸ್ಯಾಂಕ್ಟಮ್', 'ಡಿವೋಟೀಸ್', 'ಬ್ಲೆಸಿಂಗ್ಸ್' ಕೂಡ ಸಣ್ಣವೇ. 'ಶ್ರೀ'ಗೆ ಹೆಸರಿನ ಮುಂದೆ ದೊಡ್ಡ ಎಸ್. ಅದರ ಸ್ಪೆಲಿಂಗ್ ಮೂರು ನಾಲ್ಕು ಬಗೆ ಇರುವುದರಿಂದ ಒಂದನ್ನು ಆರಿಸಿ ಇಡೀ ಸಂಚಿಕೆಗೆ ಅದನ್ನೇ ಉಳಿಸಿ.

ದೈವಗಳ ವಿಚಾರದಲ್ಲಿ ನಮ್ಮ ಕಾಸರಗೋಡು ಜಿಲ್ಲೆಯವರು ವಿಶೇಷ ಎಚ್ಚರ ವಹಿಸಬೇಕು. 'ಪಂಜುರ್ಲಿ', 'ಗುಳಿಗ', 'ವಿಷ್ಣುಮೂರ್ತಿ' ಹೆಸರುಗಳು, ದೊಡ್ಡಕ್ಷರ. 'ದೈವ', 'ಭೂತ', 'ಕೋಲ', 'ನೇಮ', 'ತೆಯ್ಯಂ' ವರ್ಗವಾಚಕಗಳು. ವಾಕ್ಯದ ನಡುವೆ ಅವನ್ನು ಸಣ್ಣಕ್ಷರದಲ್ಲಿ ಬರೆಯಬಹುದು: 'ದಿ ದೈವ ಪಂಜುರ್ಲಿ', 'ದಿ ವಿಷ್ಣುಮೂರ್ತಿ ತೆಯ್ಯಂ'. ಯಕ್ಷಗಾನ, ತೆಯ್ಯಂಗಳಿಗೆ ನಮ್ಮ ಇಂಗ್ಲಿಷ್ ಪತ್ರಿಕೆಗಳು ದೊಡ್ಡಕ್ಷರ ಬಳಸುವುದೂ ಉಂಟು, ಅದು ತಪ್ಪಲ್ಲ. ಆದರೆ ಯಕ್ಷಗಾನಕ್ಕೆ ದೊಡ್ಡ ವೈ ಕೊಟ್ಟು ಪಕ್ಕದಲ್ಲೇ ತೆಯ್ಯಂಗೆ ಸಣ್ಣ ಟಿ ಕೊಟ್ಟರೆ ಓದುವವರಿಗೆ ಒಂದು ಮೇಲು ಒಂದು ಕೀಳು ಎಂಬ ಭಾವ ಬರುತ್ತದೆ. ಎರಡನ್ನೂ ಒಂದೇ ರೀತಿ ನಡೆಸಿಕೊಳ್ಳಿ. ವಸಾಹತು ಕಾಲದ ಇಂಗ್ಲಿಷ್ ಬರಹಗಳಲ್ಲಿ ದೈವಗಳಿಗೆ 'ಡೆವಿಲ್' ಎಂಬ ಪದ ಬಳಕೆಯಾಗಿತ್ತು. ಹಳೆಯ ಲೇಖನವೊಂದರಿಂದ ಎತ್ತಿ ಬರೆದ ಭಾಗ ನಿಮ್ಮ ಸಂಚಿಕೆಯಲ್ಲಿದ್ದರೆ ಆ ಪದವನ್ನು ತೆಗೆದು 'ದೈವ' ಎಂದೇ ಇಡಿ. ಅಲ್ಲಿ ಅಕ್ಷರದ ಗಾತ್ರ ಸರಿಪಡಿಸಿದರೆ ಸಾಲದು.

ದೇವರನ್ನು ಸೂಚಿಸುವ 'ಹಿ', 'ಹಿಮ್', 'ಹಿಸ್' ಸರ್ವನಾಮಗಳಿಗೆ ದೊಡ್ಡ ಎಚ್ ಬೇಕೇ ಎಂಬುದು ಬಹಳ ಜನ ಕೇಳುವ ಪ್ರಶ್ನೆ. ಬೇಕೇ ಬೇಕು ಎಂದೇನಿಲ್ಲ. 1611ರ ಕಿಂಗ್ ಜೇಮ್ಸ್ ಬೈಬಲ್ ಅನುವಾದದಲ್ಲೇ ಈ ಸರ್ವನಾಮಗಳು ಸಣ್ಣಕ್ಷರದಲ್ಲಿವೆ. ಎಪಿ ಕೈಪಿಡಿಯೂ, ಪುಸ್ತಕ ಪ್ರಕಾಶಕರು ಹೆಚ್ಚಾಗಿ ಅನುಸರಿಸುವ ಶಿಕಾಗೊ ಕೈಪಿಡಿಯೂ ಸಣ್ಣಕ್ಷರವನ್ನೇ ಹೇಳುತ್ತವೆ. ಭಕ್ತಿ ಸಾಹಿತ್ಯದಲ್ಲಿ, ಕೆಲವು ಬೈಬಲ್ ಅನುವಾದಗಳಲ್ಲಿ ದೊಡ್ಡ ಎಚ್ ಇದೆ. ಅದು ಆಯಾ ಪ್ರಕಾಶಕರ ಆಯ್ಕೆ. ಇಂಥ ಒಂದು ಕಡೆಯಲ್ಲಿ ದೊಡ್ಡಕ್ಷರಕ್ಕೂ ಭಕ್ತಿಗೂ ನಿಜವಾಗಿ ನಂಟಿದೆ ಎನ್ನಬಹುದು. ನನ್ನ ಸಲಹೆ ಸಣ್ಣಕ್ಷರವೇ. ದೊಡ್ಡ ಎಚ್ ಹಿಡಿದರೆ 'ಹೂ', 'ಹೂಮ್', 'ಯು', 'ಯುವರ್', 'ಹಿಮ್‌ಸೆಲ್ಫ್' ಎಲ್ಲವನ್ನೂ ಹುಡುಕಿ ಬದಲಿಸಬೇಕು. ಎಲ್ಲೋ ಒಂದು ತಪ್ಪಿಹೋಗುತ್ತದೆ, ಅರ್ಧ ದೊಡ್ಡದು ಅರ್ಧ ಸಣ್ಣದು ಆಗಿ ಉಳಿಯುತ್ತದೆ. ಸಮಿತಿಯ ಹಿರಿಯರು ದೊಡ್ಡಕ್ಷರವೇ ಆಗಬೇಕೆಂದರೆ ಹಾಗೆಯೇ ಮಾಡಿ, ಆದರೆ ದೇವಸ್ಥಾನದ ಲೇಖನಕ್ಕೆ ಒಂದು ನ್ಯಾಯ, ಮಸೀದಿ ಇಗರ್ಜಿಗಳಿಂದ ಬಂದ ಸಂದೇಶಕ್ಕೆ ಇನ್ನೊಂದು ನ್ಯಾಯ ಬೇಡ. ಅಲ್ಲಾಹುವಿಗೂ, ಯೇಸುವಿಗೂ, ನಿಮ್ಮ ದೇವರಿಗೂ ಒಂದೇ ನಿಯಮ ಇರಲಿ.

ಇಗರ್ಜಿಯ ಸಂದೇಶದಲ್ಲಿ ಬೈಬಲ್ ವಚನವಿದ್ದು, ಅದರಲ್ಲಿ 'ಲಾರ್ಡ್' ಪದದ ನಾಲ್ಕೂ ಅಕ್ಷರ ದೊಡ್ಡ ರೂಪದಲ್ಲಿದ್ದರೆ ಅದನ್ನು ಟೈಪಿನ ತಪ್ಪೆಂದು ತಿದ್ದಬೇಡಿ. ಹೀಬ್ರೂ ಮೂಲದಲ್ಲಿ ದೇವರ ಸ್ವಂತ ಹೆಸರಿನ ನಾಲ್ಕು ವ್ಯಂಜನಗಳು ಬರುವಲ್ಲಿ ಹೆಚ್ಚಿನ ಇಂಗ್ಲಿಷ್ ಬೈಬಲ್‌ಗಳು 'ಲಾರ್ಡ್' ಎಂದು ಹೀಗೆ ಅಚ್ಚಿಸುತ್ತವೆ. ಮೊದಲನೆಯದು ಪೂರ್ಣ ಗಾತ್ರದ ದೊಡ್ಡಕ್ಷರ, ಉಳಿದ ಮೂರು ಕಿರುಗಾತ್ರದ ದೊಡ್ಡಕ್ಷರ. ಡಿಟಿಪಿಯವರು ಇದಕ್ಕೆ ಸ್ಮಾಲ್ ಕ್ಯಾಪ್ಸ್ ಎನ್ನುತ್ತಾರೆ. ಹೀಬ್ರೂವಿನಲ್ಲಿ ಒಡೆಯ ಎಂಬರ್ಥದ 'ಅದೋನಾಯ್' ಪದ ಇರುವಲ್ಲಿ 'ಲಾರ್ಡ್'ನ ಮೊದಲಕ್ಷರ ಮಾತ್ರ ದೊಡ್ಡದು. ಫಾಂಟ್ ಬದಲಿಸುವಾಗ ಸ್ಮಾಲ್ ಕ್ಯಾಪ್ಸ್ ಅಳಿಸಿಹೋಗುವುದು ಸಾಮಾನ್ಯ, ಕೊನೆಯ ಪ್ರೂಫಿನಲ್ಲಿ ಇನ್ನೊಮ್ಮೆ ನೋಡಿ. ಪ್ರಾರ್ಥನೆಗಳಲ್ಲಿ ಬರುವ 'ಓ ಲಾರ್ಡ್' ಎಂಬ ಸಂಬೋಧನೆಯ ಒಂಟಿ ಓ ಸದಾ ದೊಡ್ಡದು. ಎರಡಕ್ಷರದ, ಉದ್ಗಾರದ 'ಓಹ್' ವಾಕ್ಯದ ನಡುವೆ ಸಣ್ಣದು.

ಗ್ರಂಥಗಳ ಹೆಸರಿಗೆಲ್ಲ ದೊಡ್ಡಕ್ಷರ: ಬೈಬಲ್, ಕುರ್‌ಆನ್, ವೇದ, ಉಪನಿಷತ್ತು, ರಾಮಾಯಣ. ಭಗವದ್ಗೀತೆಯನ್ನು ಇಂಗ್ಲಿಷಿನಲ್ಲಿ ಎರಡು ಪದವಾಗಿ ಬರೆಯುವುದು ರೂಢಿ, ಎರಡಕ್ಕೂ ದೊಡ್ಡಕ್ಷರ. ವಿಶೇಷಣಗಳಿಗೆ ಬಂದಾಗ ತರ್ಕ ಕೈಕೊಡುತ್ತದೆ. 'ವೇದಿಕ್', 'ಕುರ್‌ಆನಿಕ್' ದೊಡ್ಡಕ್ಷರದಲ್ಲಿ, 'ಬಿಬ್ಲಿಕಲ್' ಮಾತ್ರ ಸಣ್ಣ ಬಿ. ಇದನ್ನು ನೆನಪಿಟ್ಟುಕೊಳ್ಳಬೇಕಷ್ಟೇ. ಅಡಿಕೆ ಕೃಷಿಯ ಬಗೆಗಿನ ಯಾವುದೋ ಪುಸ್ತಕವನ್ನು 'ರೈತರ ಬೈಬಲ್' ಎಂದು ಹೊಗಳಿದ್ದರೆ ಅಲ್ಲಿಯೂ ಸಣ್ಣ ಬಿ. 'ಗಾಸ್ಪೆಲ್' ಪದ ಹೊಸ ಒಡಂಬಡಿಕೆಯ ಮೊದಲ ನಾಲ್ಕು ಪುಸ್ತಕಗಳನ್ನು ಸೂಚಿಸಿದರೆ ದೊಡ್ಡ ಜಿ, ಶುಭವಾರ್ತೆ ಸಾರುವುದು ಎಂಬ ಅರ್ಥದಲ್ಲಿ ಸಣ್ಣ ಜಿ. 'ಹೋಲಿ ಬೈಬಲ್' ಎರಡೂ ದೊಡ್ಡದು, 'ದಿ ಹೋಲಿ ಬುಕ್' ಎರಡೂ ಸಣ್ಣದು. ಸಾಮಾನ್ಯ ಪುಸ್ತಕದ ಹೆಸರನ್ನು ಓರೆ ಅಕ್ಷರದಲ್ಲಿ ಹಾಕುತ್ತೇವೆ. ಬೈಬಲ್, ಕುರ್‌ಆನ್, ವೇದಗಳಿಗೆ ಓರೆ ಅಕ್ಷರವೂ ಬೇಡ, ಉದ್ಧರಣ ಚಿಹ್ನೆಯೂ ಬೇಡ.

ಧರ್ಮ ಮತ್ತು ಅನುಯಾಯಿಗಳ ಹೆಸರಿಗೆ ಯಾವ ರಿಯಾಯಿತಿಯೂ ಇಲ್ಲ. ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್, ಜೈನ್, ಸಿಖ್, ಸುನ್ನಿ, ಶಿಯಾ, ಶೈವ, ವೈಷ್ಣವ ಎಲ್ಲವೂ ನಾಮಪದವಾದರೂ ವಿಶೇಷಣವಾದರೂ ದೊಡ್ಡಕ್ಷರವೇ. ಸಮುದಾಯಗಳ ಹೆಸರೂ ಹಾಗೆಯೇ: ಹವ್ಯಕ, ಬಂಟ, ಬಿಲ್ಲವ, ತೀಯ, ಕೊರಗ, ದಲಿತ. ಒಂದನ್ನು ದೊಡ್ಡದಾಗಿ ಬರೆದು ಇನ್ನೊಂದನ್ನು ಸಣ್ಣದಾಗಿ ಬಿಟ್ಟರೆ ಅದು ಪ್ರೂಫ್ ದೋಷಕ್ಕಿಂತ ದೊಡ್ಡ ತಪ್ಪು, ನಿಜವಾಗಿ ಜನ ನೊಂದುಕೊಳ್ಳುವುದು ಇಲ್ಲಿ. 'ಕ್ಯಾಸ್ಟ್', 'ಕಮ್ಯೂನಿಟಿ', 'ರಿಲಿಜನ್' ಸಣ್ಣಕ್ಷರ. ಸಂವಿಧಾನದ 25ನೇ ವಿಧಿಯ ಎರಡನೆಯ ವಿವರಣೆಯಲ್ಲಿ ಸಿಖ್, ಜೈನ, ಬೌದ್ಧ ಎಂಬವು ದೊಡ್ಡಕ್ಷರದಲ್ಲಿ, ಅವುಗಳ ಬೆನ್ನಿಗೆ ಬರುವ 'ರಿಲಿಜನ್' ಸಣ್ಣಕ್ಷರದಲ್ಲಿ ಇರುವುದನ್ನು ನೋಡಬಹುದು. 'ಶೆಡ್ಯೂಲ್ಡ್ ಕ್ಯಾಸ್ಟ್ಸ್' ಮಾತ್ರ ಕಾನೂನಿನ ನಿರ್ದಿಷ್ಟ ಹೆಸರು, ಎರಡೂ ದೊಡ್ಡದು. 350ಬಿ ವಿಧಿಯಲ್ಲಿ ಬರುವ ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿಯ ವಿಷಯ ಕೇರಳದ ಕನ್ನಡಿಗರಾದ ನಮಗೆ ಹತ್ತಿರದ್ದು. ಅಲ್ಲಿ 'ಸ್ಪೆಷಲ್ ಆಫೀಸರ್' ಹುದ್ದೆಗೆ ದೊಡ್ಡಕ್ಷರ, 'ಲಿಂಗ್ವಿಸ್ಟಿಕ್ ಮೈನಾರಿಟೀಸ್'ಗೆ ಸಣ್ಣಕ್ಷರ. ಹಾಗಾಗಿ ಮನವಿಗಳಲ್ಲಿ 'ಕನ್ನಡ ಲಿಂಗ್ವಿಸ್ಟಿಕ್ ಮೈನಾರಿಟಿ' ಎಂದು ಬರೆಯುವಾಗ ಕೆ ದೊಡ್ಡದು, ಉಳಿದೆರಡು ಸಣ್ಣವು.

'ಏಥಿಯಿಸ್ಟ್', 'ಅಗ್ನಾಸ್ಟಿಕ್', 'ಮಾನೊಥಿಯಿಸಂ' ಸಣ್ಣಕ್ಷರ, ಏಕೆಂದರೆ ಇವು ಒಂದು ಬಗೆಯ ವಿಚಾರವನ್ನು ಹೇಳುತ್ತವೆ, ಒಂದು ನಿರ್ದಿಷ್ಟ ಧರ್ಮದ ಹೆಸರಲ್ಲ. 'ಕ್ಯಾಥೊಲಿಕ್'ಗೆ ದೊಡ್ಡ ಸಿ ಇದ್ದರೆ ಆ ಸಭೆ, ಸಣ್ಣ ಸಿ ಇದ್ದರೆ ವಿಶಾಲ ಅಭಿರುಚಿಯ ಎಂಬ ಅರ್ಥ. 'ಆರ್ಥೊಡಾಕ್ಸ್' ಕೂಡ ಹೀಗೆಯೇ. ಸಂಪ್ರದಾಯಸ್ಥ ಕುಟುಂಬ ಎನ್ನಲು ದೊಡ್ಡ ಓ ಹಾಕಿದರೆ ಆ ಮನೆಯವರು ಆರ್ಥೊಡಾಕ್ಸ್ ಚರ್ಚಿನವರೆಂದು ಕೋಟ್ಟಯಂ ಕಡೆಯ ಓದುಗರು ತಿಳಿಯುತ್ತಾರೆ. ನಮ್ಮಲ್ಲಿ ಮೂರು ಪದಗಳು ಕಲಸಿಹೋಗುತ್ತವೆ: ಸೃಷ್ಟಿಕರ್ತ 'ಬ್ರಹ್ಮ', ಉಪನಿಷತ್ತಿನ ಪರತತ್ತ್ವವಾದ 'ಬ್ರಹ್ಮನ್', ಸಮುದಾಯದ ಹೆಸರಾದ 'ಬ್ರಾಹ್ಮಿನ್'. ಮೂರಕ್ಕೂ ದೊಡ್ಡ ಬಿ ಇರುವುದರಿಂದ ಅಕ್ಷರದ ಗಾತ್ರ ಇಲ್ಲಿ ನೆರವಾಗದು, ಸ್ಪೆಲಿಂಗ್ ನೋಡಿಯೇ ಬೇರ್ಪಡಿಸಬೇಕು.

ಕಟ್ಟಡಗಳ ಲೆಕ್ಕ ಸುಲಭ. ಪೂರ್ಣ ಹೆಸರಿನ ಭಾಗವಾಗಿ ಬಂದರೆ ದೊಡ್ಡದು, ಮರುಪ್ರಸ್ತಾಪದಲ್ಲಿ ಸಣ್ಣದು. ಮಧೂರಿನ ಶ್ರೀ ಮದನಂತೇಶ್ವರ ಸಿದ್ಧಿವಿನಾಯಕ ಟೆಂಪಲ್, ತಳಂಗರೆಯ ಮಾಲಿಕ್ ದೀನಾರ್ ಜುಮಾ ಮಸ್ಜಿದ್, ಬೇಳದ ಅವರ್ ಲೇಡಿ ಆಫ್ ಸಾರೋಸ್ ಚರ್ಚ್ ಎಂದು ಬರೆಯುವಾಗ ಕೊನೆಯ ಪದವೂ ದೊಡ್ಡದು. ಮುಂದಿನ ವಾಕ್ಯದಲ್ಲಿ 'ದಿ ಟೆಂಪಲ್', 'ದಿ ಮಾಸ್ಕ್', 'ದಿ ಚರ್ಚ್' ಎಂದಾಗ ಸಣ್ಣದು. ನಿಮ್ಮದೇ ದೇವಸ್ಥಾನವಾದರೂ ಸಣ್ಣದೇ. 'ಚರ್ಚ್' ಪದ ಕಟ್ಟಡವನ್ನು ಬಿಟ್ಟು ಕ್ಯಾಥೊಲಿಕ್ ಸಭೆಯನ್ನೇ ಸೂಚಿಸಿದರೆ ಸಭೆಯವರು ದೊಡ್ಡ ಸಿ ಬರೆಯುತ್ತಾರೆ. ಅವರು ಕಳಿಸಿದ ಸಂದೇಶದಲ್ಲಿ ಅದನ್ನು ಮುಟ್ಟಬೇಡಿ. ಬೇಕಲ್ ಫೋರ್ಟ್ ಮತ್ತು 'ದಿ ಫೋರ್ಟ್', ಮಲಬಾರ್ ದೇವಸ್ವಂ ಬೋರ್ಡ್ ಮತ್ತು 'ದಿ ಬೋರ್ಡ್', ಎಡನೀರು ಮಠ ಮತ್ತು 'ದಿ ಮಠ' ಇವಕ್ಕೂ ಇದೇ ಕ್ರಮ.

ವ್ಯಕ್ತಿಗಳ ಸ್ಥಾನಮಾನದಲ್ಲಿ ಸಮಿತಿಯವರು ಹೆಚ್ಚು ಬೇಸರಪಡುವ ಸಾಧ್ಯತೆ ಇದೆ, ಆದ್ದರಿಂದ ಅಚ್ಚಿಗೆ ಹೋಗುವ ಮೊದಲೇ ವಿವರಿಸಿ ಹೇಳಿ. ಹೆಸರಿನ ಮುಂದೆ ಅಂಟಿದ ಸ್ಥಾನ ದೊಡ್ಡದು, ಹೆಸರಿಲ್ಲದೆ ಬಂದಾಗ ಸಣ್ಣದು. ಪೋಪ್ ಫ್ರಾನ್ಸಿಸ್ ಎಂಬಲ್ಲಿ ದೊಡ್ಡ ಪಿ, 'ದಿ ಪೋಪ್' ಎಂಬಲ್ಲಿ ಎಪಿ ಮತ್ತು ಶಿಕಾಗೊ ಎರಡರ ಪ್ರಕಾರವೂ ಸಣ್ಣ ಪಿ. ಜಗತ್ತಿನಾದ್ಯಂತ ಕ್ಯಾಥೊಲಿಕರ ಗುರುವಿಗೇ ಇದು ಕ್ರಮವಾಗಿರುವಾಗ 'ದಿ ತಂತ್ರಿ', 'ದಿ ಇಮಾಮ್', 'ದಿ ವಿಕಾರ್', 'ದಿ ಸ್ವಾಮೀಜಿ', 'ದಿ ಮ್ಯಾನೇಜಿಂಗ್ ಟ್ರಸ್ಟಿ' ಸಣ್ಣಕ್ಷರದಲ್ಲಿ ಬಂದರೆ ಯಾರಿಗೂ ಕುಂದಿಲ್ಲ. ಎರಡು ಕಡೆ ಮಾತ್ರ ಬೇರೆ ಕ್ರಮ ಇದೆ. ಮುಹಮ್ಮದ್ ಪೈಗಂಬರರನ್ನು ಕುರಿತು 'ದಿ ಪ್ರಾಫೆಟ್' ಎಂದಷ್ಟೇ ಬರೆದರೂ ದೊಡ್ಡ ಪಿ. ಗೌತಮನನ್ನು ಕುರಿತು 'ದಿ ಬುದ್ಧ' ಎಂದಾಗ ದೊಡ್ಡ ಬಿ. ಇವು ಬಳಕೆಯಲ್ಲಿ ಆಯಾ ವ್ಯಕ್ತಿಯ ಹೆಸರೇ ಆಗಿಹೋಗಿವೆ. ಮಂಜೇಶ್ವರದ ಗೋವಿಂದ ಪೈಗಳ ಬಗ್ಗೆ ಬರೆಯುವಾಗ 'ರಾಷ್ಟ್ರಕವಿ ಗೋವಿಂದ ಪೈ' ಎಂ‌ಬಲ್ಲಿ ಬಿರುದಿಗೆ ದೊಡ್ಡ ಆರ್. 'ದಿ ಪೊಯೆಟ್ ಗೋವಿಂದ ಪೈ' ಎಂಬಲ್ಲಿ ಸಣ್ಣ ಪಿ.

ನೆಂಟಸ್ತಿಕೆಯ ಪದಗಳಿಗೂ ಇದೇ ತತ್ತ್ವ: 'ಅಂಕಲ್ ರಾಘವ' ದೊಡ್ಡ ಯು, 'ಮೈ ಅಂಕಲ್' ಸಣ್ಣ ಯು. ಕಾರ್ಯಕ್ರಮದ ಪಟ್ಟಿಯಲ್ಲಿ 'ಚೀಫ್ ಗೆಸ್ಟ್', 'ಪ್ರೆಸಿಡೆಂಟ್' ಎಂದು ಸಾಲಿನ ಆರಂಭದಲ್ಲಿ ಬರುವುದಕ್ಕೆ ದೊಡ್ಡಕ್ಷರ ಇರಲಿ, ಅದು ತಲೆಬರಹದ ಹಾಗೆ. ವರದಿಯ ವಾಕ್ಯದೊಳಗೆ ಬಂದಾಗ ಇಳಿಸಿ.

ಹಬ್ಬಗಳು ದೊಡ್ಡಕ್ಷರ: ದೀಪಾವಳಿ, ಓಣಂ, ವಿಷು, ಈದ್, ರಂಜಾನ್, ಕ್ರಿಸ್ಮಸ್, ಗುಡ್ ಫ್ರೈಡೆ. ವಿಧಿಗಳು ಸಣ್ಣಕ್ಷರ: 'ಪೂಜಾ', 'ಹೋಮ', 'ಅಭಿಷೇಕ', 'ನಮಾಜ್', 'ಬ್ಯಾಪ್ಟಿಸಂ'. ಕ್ಯಾಥೊಲಿಕ್ ಬಲಿಪೂಜೆಯ 'ಮಾಸ್'ಗೆ ದೊಡ್ಡ ಎಂ ರೂಢಿಯಲ್ಲಿದೆ, ಅದು ಉಳಿಯಲಿ. 'ಬ್ರಹ್ಮಕಲಶೋತ್ಸವ' ನಿಮ್ಮ ಈ ಕಾರ್ಯಕ್ರಮದ ಹೆಸರಾಗಿ ಬಂದಾಗ ದೊಡ್ಡದು. ಹನ್ನೆರಡು ವರ್ಷಕ್ಕೊಮ್ಮೆ ಬ್ರಹ್ಮಕಲಶ ನಡೆಯಬೇಕು ಎಂದು ಸಾಮಾನ್ಯವಾಗಿ ಹೇಳುವಾಗ ಸಣ್ಣದು. ಯೇಸುವಿನ ಬದುಕಿನ ಘಟನೆಗಳಾದ 'ಲಾಸ್ಟ್ ಸಪ್ಪರ್', 'ಕ್ರೂಸಿಫಿಕ್ಷನ್', 'ರಿಸರೆಕ್ಷನ್' ದೊಡ್ಡದು. 'ಹೆವನ್', 'ಹೆಲ್', 'ಏಂಜಲ್', 'ಡೆವಿಲ್' ಸಣ್ಣದು. 'ಕರ್ಮ', 'ಧರ್ಮ', 'ಮೋಕ್ಷ', 'ಯೋಗ', 'ಮಂತ್ರ', 'ಗುರು', 'ಅವತಾರ್' ಇಂಗ್ಲಿಷ್ ನಿಘಂಟುಗಳನ್ನೇ ಸೇರಿರುವ ಪದಗಳು, ಸಣ್ಣಕ್ಷರ ಸಾಕು, ಓರೆ ಮಾಡುವುದೂ ಬೇಡ. ವೇದಾಂತದ ಅನುವಾದದಲ್ಲಿ ಆತ್ಮ ಎಂಬರ್ಥದ 'ಸೆಲ್ಫ್'ಗೆ ದೊಡ್ಡ ಎಸ್ ಹಾಕುವುದುಂಟು. ನಾನು ಎಂಬ ದಿನಬಳಕೆಯ 'ಸೆಲ್ಫ್'ನಿಂದ ಅದನ್ನು ಬೇರ್ಪಡಿಸಲು ಬೇರೆ ದಾರಿ ಇಲ್ಲದ್ದರಿಂದ ಅದು ಸರಿಯಾದ ಬಳಕೆ.

ಉಳಿದ ನಾಮಪದಗಳಲ್ಲಿ ನಿಮ್ಮ ಸಂಚಿಕೆಗೆ ಬೇಕಾದಷ್ಟನ್ನು ಹೇಳುತ್ತೇನೆ. ದಿಕ್ಕು ಸಣ್ಣದು, ಪ್ರದೇಶದ ಹೆಸರು ದೊಡ್ಡದು: 'ನಾರ್ತ್ ಆಫ್ ದಿ ಟೆಂಪಲ್' ಸಣ್ಣ ಎನ್, 'ನಾರ್ತ್ ಮಲಬಾರ್' ದೊಡ್ಡ ಎನ್, ಹಳೆಯ 'ಸೌತ್ ಕೆನರಾ' ಎರಡೂ ದೊಡ್ಡದು. 'ಕಾಸರಗೋಡು ಡಿಸ್ಟ್ರಿಕ್ಟ್' ಎಂಬಲ್ಲಿ ಪತ್ರಿಕೆಗಳು ಸಣ್ಣ ಡಿ ಬರೆಯುತ್ತವೆ, ಸರಕಾರಿ ಕಾಗದಗಳಲ್ಲಿ ದೊಡ್ಡ ಡಿ ಹೆಚ್ಚು, ಒಂದನ್ನು ಹಿಡಿಯಿರಿ. ಭಾಷೆಗಳು ಸದಾ ದೊಡ್ಡದು, ಆದ್ದರಿಂದ ಶಾಲೆಯ ವಿಷಯಗಳಲ್ಲಿ ಕನ್ನಡ, ಇಂಗ್ಲಿಷ್ ದೊಡ್ಡದು, 'ಫಿಸಿಕ್ಸ್', 'ಹಿಸ್ಟರಿ' ಸಣ್ಣದು. ವಾರ ತಿಂಗಳು ದೊಡ್ಡದು, 'ಸಮ್ಮರ್', 'ಮಾನ್ಸೂನ್' ಸಣ್ಣದು. 'ಅರೆಕನಟ್', 'ಕೋಕನಟ್' ಸಣ್ಣದು. ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯ ಅಡಿಕೆ ತಳಿ 'ಮಂಗಳ', ತೆಂಗಿನ ತಳಿ 'ಚಂದ್ರಕಲ್ಪ' ಇವು ಹೆಸರುಗಳು, ದೊಡ್ಡದು. ಅಡಿಕೆಯ ವೈಜ್ಞಾನಿಕ ಹೆಸರು 'ಅರೆಕಾ ಕ್ಯಾಟೆಚು'ವಿನಲ್ಲಿ ಮೊದಲ ಪದಕ್ಕೆ ಮಾತ್ರ ದೊಡ್ಡಕ್ಷರ, ಎರಡೂ ಪದ ಓರೆ ಅಕ್ಷರದಲ್ಲಿ. ಪತ್ರದ ಕೊನೆಯ 'ಯುವರ್ಸ್ ಫೇತ್‌ಫುಲಿ'ಯಲ್ಲಿ ಎಫ್ ಸಣ್ಣದು; ಇದು ನಮ್ಮ ಕಚೇರಿ ಪತ್ರಗಳಲ್ಲಿ ಎಲ್ಲೆಡೆ ತಪ್ಪುತ್ತದೆ.

ಲೇಖನದ ತಲೆಬರಹದಲ್ಲಿ ಎರಡು ಪದ್ಧತಿಗಳಿವೆ. ಒಂದರಲ್ಲಿ ಮೊದಲ ಪದಕ್ಕೂ ಹೆಸರುಗಳಿಗೂ ಮಾತ್ರ ದೊಡ್ಡಕ್ಷರ. ಇನ್ನೊಂದರಲ್ಲಿ ಮುಖ್ಯ ಪದಗಳಿಗೆಲ್ಲ ದೊಡ್ಡಕ್ಷರ. 'ಎ', 'ಆ್ಯನ್', 'ದಿ', 'ಅಂಡ್', 'ಆಫ್', 'ಇನ್', 'ಟು' ನಡುವೆ ಬಂದರೆ ಸಣ್ಣವು, ಮೊದಲ ಮತ್ತು ಕೊನೆಯ ಪದ ಯಾವುದಿದ್ದರೂ ದೊಡ್ಡದು. ಸ್ಮರಣ ಸಂಚಿಕೆಗೆ ಎರಡನೆಯದು ಒಪ್ಪುತ್ತದೆ. ಇಡೀ ತಲೆಬರಹವನ್ನು ದೊಡ್ಡಕ್ಷರದಲ್ಲೇ ಹಾಕುವುದು ಒಂದು ಸಾಲಿಗಷ್ಟೇ ಇರಲಿ. ಆಮಂತ್ರಣ ಪತ್ರಿಕೆಗಳಲ್ಲಿ ಬಳಸುವ ಬಳ್ಳಿಯಂಥ ಓಟದ ಫಾಂಟ್‌ಗಳಲ್ಲಿ ಬರಿಯ ದೊಡ್ಡಕ್ಷರ ಹಾಕಿದರೆ ಒಂದಕ್ಷರದ ಸುರುಳಿ ಇನ್ನೊಂದಕ್ಕೆ ಸಿಕ್ಕಿ ದೇವಸ್ಥಾನದ ಹೆಸರೇ ಓದಲಾಗದು. ಆ ಫಾಂಟ್‌ಗಳ ದೊಡ್ಡಕ್ಷರಗಳನ್ನು ಪದದ ಆರಂಭಕ್ಕೆಂದೇ ರೂಪಿಸಿರುತ್ತಾರೆ.

ಕೆಲಸ ಶುರುಮಾಡುವ ಮೊದಲು ಒಂದು ಹಾಳೆಯಲ್ಲಿ ತೀರ್ಮಾನಗಳನ್ನು ಬರೆದಿಟ್ಟುಕೊಳ್ಳಿ: ಸರ್ವನಾಮ ಸಣ್ಣದು, ಯಕ್ಷಗಾನ ತೆಯ್ಯಂ ಎರಡೂ ಹೀಗೆ, 'ಶ್ರೀ' ಸ್ಪೆಲಿಂಗ್ ಇದು, 'ಡಿಸ್ಟ್ರಿಕ್ಟ್' ಹೀಗೆ. ಲೇಖನಗಳನ್ನು ವರ್ಡ್‌ನಲ್ಲಿ ತೆರೆದು, ಪೂರ್ತಿ ದೊಡ್ಡಕ್ಷರದಲ್ಲಿ ಬಂದ ಭಾಗವನ್ನು ಆಯ್ಕೆ ಮಾಡಿ ಶಿಫ್ಟ್ ಒತ್ತಿ ಎಫ್3 ಒತ್ತುತ್ತ ಹೋದರೆ ರೂಪ ಬದಲಾಗುತ್ತದೆ, ಮತ್ತೆ ಟೈಪ್ ಮಾಡಬೇಕಿಲ್ಲ. ಆದರೆ ಈ ಸೌಲಭ್ಯಕ್ಕೆ ಹೆಸರು ಯಾವುದು, ನಾಮಪದ ಯಾವುದು ಎಂದು ಗೊತ್ತಾಗದು. ಪ್ರತಿ ಪದಕ್ಕೂ ದೊಡ್ಡಕ್ಷರ ಕೊಡುವ ಆಯ್ಕೆಯಲ್ಲಿ 'ಆಫ್', 'ದಿ'ಗಳೂ ದೊಡ್ಡದಾಗುತ್ತವೆ, ಕೈಯಿಂದ ತಿದ್ದಬೇಕು.

ಬಳಿಕ ಫೈಂಡ್ ಪೆಟ್ಟಿಗೆಯಲ್ಲಿ 'ಮ್ಯಾಚ್ ಕೇಸ್' ಮತ್ತು 'ಹೋಲ್ ವರ್ಡ್ಸ್' ಎರಡಕ್ಕೂ ಗುರುತು ಹಾಕಿ 'ಗಾಡ್', 'ಲಾರ್ಡ್', 'ಟೆಂಪಲ್', 'ಡೀಟಿ', 'ಪೂಜಾ', 'ಚರ್ಚ್', 'ಮಾಸ್ಕ್', 'ತಂತ್ರಿ', 'ಪ್ರೆಸಿಡೆಂಟ್' ಒಂದೊಂದನ್ನೇ ಹುಡುಕಿ, ಪ್ರತಿ ವಾಕ್ಯ ಓದಿ ತೀರ್ಮಾನಿಸಿ. 'ರಿಪ್ಲೇಸ್ ಆಲ್' ಗುಂಡಿ ಮುಟ್ಟಬೇಡಿ. ಹೋಲ್ ವರ್ಡ್ಸ್ ಗುರುತಿಲ್ಲದೆ 'ಗಾಡ್'ಗೆ ದೊಡ್ಡ ಜಿ ಕೊಡಿಸಿದರೆ 'ಗೋಡೌನ್', 'ಗಾಡೆಸ್' ಪದಗಳ ಮೊದಲಕ್ಷರವೂ ಪುಟಪುಟದಲ್ಲಿ ದೊಡ್ಡದಾಗಿ ನಿಲ್ಲುತ್ತದೆ. ಪಿಡಿಎಫ್ ಆದಮೇಲೆ ತಲೆಬರಹ, ಫೋಟೋಗಳ ಕೆಳಗಿನ ಸಾಲು, ದಾನಿಗಳ ಪಟ್ಟಿ ಈ ಮೂರನ್ನು ಬೇರೆಯಾಗಿ ಓದಿ, ಏಕೆಂದರೆ ಇವನ್ನು ಡಿಟಿಪಿಯವರು ಪುಟ ಕಟ್ಟುವಾಗ ಹೊಸದಾಗಿ ಟೈಪ್ ಮಾಡಿರುತ್ತಾರೆ, ನಿಮ್ಮ ತಿದ್ದುಪಡಿ ಅಲ್ಲಿಗೆ ತಲುಪಿರುವುದಿಲ್ಲ. ಜಾಹೀರಾತುಗಳನ್ನು ಅಂಗಡಿಯವರು ಕೊಟ್ಟ ರೂಪದಲ್ಲೇ ಬಿಡಿ, ಅಂಗಡಿಯ ಹೆಸರನ್ನು ಹೇಗೆ ಬರೆಯಬೇಕೆಂದು ನಿರ್ಧರಿಸುವುದು ಅವರ ಹಕ್ಕು.